ಸಿಯಾಟಲ್ ಕ್ರಾಕನ್ ಸೀಸನ್ ಟಿಕೆಟ್: ಮೊದಲ ಸೀಸನ್‌ನಿಂದ ಕೂತು ನೋಡಿದವರ ವಿಮರ್ಶೆ

ಸಿಯಾಟಲ್, ಬೆಲ್‌ವ್ಯೂ, ರೆಡ್‌ಮಂಡ್ ಕಡೆಗೆ ಕೆಲಸಕ್ಕೆಂದು ಬಂದ ಕನ್ನಡದವರು ಆಗಾಗ ಕೇಳುತ್ತಾರೆ: ಕ್ರಾಕನ್ ಐಸ್ ಹಾಕಿ ತಂಡದ ಸೀಸನ್ ಟಿಕೆಟ್ (ಊರಿನಲ್ಲಿ ಆಡುವ ಇಡೀ ವರ್ಷದ ಪಂದ್ಯಗಳ ಟಿಕೆಟ್) ತಗೊಳ್ಳಬಹುದಾ, ಕೊಟ್ಟ ದುಡ್ಡಿಗೆ ಬಾಳುತ್ತಾ ಅಂತ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಗೊಳ್ಳಿ. ಆದರೆ ಮೂರು ನಾಲ್ಕು ಮನೆಯವರು ಸೇರಿ ಹಂಚಿಕೊಂಡು ತಗೊಳ್ಳಿ, ಗೆಲುವಿನ ಲೆಕ್ಕ ಹಾಕಿಕೊಂಡು ಮಾತ್ರ ತಗೋಬೇಡಿ. ಒಂದು ತಂಡ ಹುಟ್ಟಿದಂದಿನಿಂದ ಹೇಗೆ ಬೆಳೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ, ನಿನ್ನೆ ಮೊನ್ನೆ ಬಂದ ಹುಡುಗ ಹೇಗೆ ಕಣ್ಣೆದುರೇ ಪಳಗುತ್ತಾನೆ ಅನ್ನುವುದನ್ನೆಲ್ಲ ಅದೇ ಸೀಟಿನಲ್ಲಿ ಕೂತು ನೋಡುವುದಕ್ಕೆ ಕೊಡುವ ದುಡ್ಡು ಇದು. ಅಲ್ಲೊಂದು ಇಲ್ಲೊಂದು ಮ್ಯಾಚ್ ನೋಡಿದವರಿಗೆ ಇದು ಸಿಗುವುದಿಲ್ಲ. 2024-25ರ ಸೀಸನ್ ಮುಗಿದು ಮೂರನೇ ಕೋಚ್ ಬಂದ ಹೊತ್ತಿಗೆ ಎಲ್ಲವನ್ನೂ ಒಮ್ಮೆ ಬರೆದಿಡೋಣ ಅನಿಸಿತು.

ಮೊದಲು ಜಾಗದ ಬಗ್ಗೆ. ಕ್ರಾಕನ್ ಆಡುವ ಕ್ಲೈಮೇಟ್ ಪ್ಲೆಜ್ ಅರೀನಾ ಹೊರಗಿನಿಂದ ಹಳೆಯ ಕಟ್ಟಡ, ಒಳಗೆ ಹೊಚ್ಚ ಹೊಸದು. 1962ರ ವಿಶ್ವ ಮೇಳಕ್ಕೆ ಕಟ್ಟಿದ ಚಾವಣಿಗೆ ಪರಂಪರೆಯ ರಕ್ಷಣೆ ಇದ್ದದ್ದರಿಂದ ಅದನ್ನು ಒಡೆಯುವಂತಿರಲಿಲ್ಲ. ಸುಮಾರು 20 ಸಾವಿರ ಟನ್ ತೂಕದ ಆ ಚಾವಣಿಯನ್ನು ಅದಿದ್ದಲ್ಲೇ ತಾತ್ಕಾಲಿಕ ಕಂಬಗಳ ಮೇಲೆ ನಿಲ್ಲಿಸಿಕೊಂಡು ಕೆಳಗೆ ನೆಲ ಅಗೆದು ಕ್ರೀಡಾಂಗಣ ಕಟ್ಟಿದರು. ಹಾಗಾಗಿ ರಸ್ತೆ ಮಟ್ಟದಲ್ಲಿ ಒಳಗೆ ಕಾಲಿಟ್ಟರೆ ಐಸ್ ನಿಮಗಿಂತ ಎಷ್ಟೋ ಕೆಳಗಿರುತ್ತದೆ. ಹಾಕಿಗೆ 17,151 ಸೀಟು. ಚಾವಣಿಯ ಮೇಲೆ ಬಿದ್ದ ಸಿಯಾಟಲ್ ಮಳೆಯನ್ನು ನೆಲದಡಿಯ ತೊಟ್ಟಿಯಲ್ಲಿ ಹಿಡಿದು, ಶುದ್ಧ ಮಾಡಿ, ಅದೇ ನೀರನ್ನು ಐಸ್ ಮಾಡುತ್ತಾರೆ. ಇಲ್ಲಿಯ ಚಳಿಗಾಲದ ಬಿಡದ ಜಿನುಗು ಮಳೆಗೆ ಬೇಸತ್ತವರಿಗೆ ಇದನ್ನು ನಾನು ಯಾವಾಗಲೂ ಹೇಳುತ್ತೇನೆ.

ಇನ್ನೊಂದು ಅನುಕೂಲವಿದೆ. ಬೇರೆ ಕಡೆ ಐಸ್‌ನ ನಟ್ಟನಡುವೆ ದೊಡ್ಡ ಸ್ಕೋರ್‌ಬೋರ್ಡ್ ತೂಗುತ್ತಿರುತ್ತದೆ. ಇಲ್ಲಿ ಎರಡು ತ್ರಿಕೋನದ ಬೋರ್ಡ್‌ಗಳನ್ನು ಎರಡು ತುದಿಗೆ ತೂಗುಹಾಕಿದ್ದಾರೆ. ಮೇಲಿನ ಸಾಲಿನವರಿಗೂ ಎದುರು ಬದಿಯವರೆಗೆ ನೋಟ ಬಿಚ್ಚಿಕೊಳ್ಳುತ್ತದೆ. ಗಾಜಿನ ಪಕ್ಕದ ಸೀಟಿಗೆ ಆಸೆಪಡಬೇಡಿ. ಅಲ್ಲಿ ಮೈಗೆ ಮೈ ಬಡಿದು ಗಾಜು ಅದುರುವುದು ಕಾಣುತ್ತದೆ, ಆಟ ಕಾಣುವುದಿಲ್ಲ. ಮೇಲಿನ ಹಂತದಲ್ಲಿ ಬ್ಲೂ ಲೈನ್‌ಗೆ (ದಾಳಿಯ ವಲಯ ಶುರುವಾಗುವ ನೀಲಿ ಗೆರೆಗೆ) ನೇರವಾಗಿ, ಪಂದ್ಯದ ಮೂರು ಪೀರಿಯಡ್‌ಗಳಲ್ಲಿ ಎರಡರಲ್ಲಿ ಕ್ರಾಕನ್ ದಾಳಿ ಮಾಡುವ ಕಡೆಗೆ ಸಿಕ್ಕರೆ ಬಿಡಬೇಡಿ. ಟಿವಿ ಕ್ಯಾಮೆರಾ ಪಕ್‌ನ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯ) ಹಿಂದೆಯೇ ಓಡುತ್ತದೆ. ಆ ಸೀಟಿನಿಂದ, ಪಕ್ ಇನ್ನೂ ಅತ್ತ ಮೂಲೆಯಲ್ಲಿರುವಾಗ ಇತ್ತ ಒಬ್ಬ ಡಿಫೆನ್ಸ್‌ಮನ್ ನಿಧಾನವಾಗಿ ಖಾಲಿ ಜಾಗಕ್ಕೆ ಜಾರಿಕೊಳ್ಳುವುದು ಕಾಣುತ್ತದೆ, ಎರಡು ಸೆಕೆಂಡ್ ಬಿಟ್ಟು ಗೋಲು ಯಾಕಾಯಿತು ಅನ್ನುವುದು ಗೊತ್ತಾಗುತ್ತದೆ.

ಕೊಡಗಿನಲ್ಲಿ ಹಾಕಿ ನೋಡಿಕೊಂಡೇ ಬೆಳೆದ ನನಗೆ ಮೊದಮೊದಲು ಬಹಳ ವಿಚಿತ್ರ ಅನಿಸಿದ್ದು ಗೋಲಿನ ಹಿಂದಿನ ಜಾಗ. ನಮ್ಮ ಮೈದಾನದ ಹಾಕಿಯಲ್ಲಿ ಚೆಂಡು ಬ್ಯಾಕ್‌ಲೈನ್ ದಾಟಿತೆಂದರೆ ಆಟ ನಿಂತಿತು. ಇಲ್ಲಿ ಗೋಲಿನ ಬೆನ್ನ ಹಿಂದೆಯೂ ಆಟವಿದೆ, ಅರ್ಧ ಸಂಚು ಹುಟ್ಟುವುದೇ ಅಲ್ಲಿ. ಗೋಲಿಯ (ಇಲ್ಲಿ ಗೋಲ್‌ಕೀಪರ್‌ಗೆ ಹಾಗನ್ನುತ್ತಾರೆ) ಕಣ್ಣು ಹಿಂದಕ್ಕೆ ಹೊರಳಿದ ಕ್ಷಣಕ್ಕೆ ಪಕ್ ಮುಂದಕ್ಕೆ ಬಂದಿರುತ್ತದೆ. ಕ್ರಾಕನ್‌ನ ಗೋಲಿ ಜೋಯಿ ಡಕೋರ್ಡ್ ಗೂಡು ಬಿಟ್ಟು ಹಿಂದೆ ಹೋಗಿ ತಾನೇ ಪಕ್ ಎತ್ತಿಕೊಂಡು ಸಹ ಆಟಗಾರನಿಗೆ ಉದ್ದನೆ ಪಾಸ್ ಕೊಡುತ್ತಾನೆ. ಆಗೆಲ್ಲ ಪಕ್ಕದವರು ಉಸಿರು ಬಿಗಿಹಿಡಿಯುತ್ತಾರೆ, ನಾನಂತೂ ಸೀಟಿನ ತುದಿಗೆ ಬಂದಿರುತ್ತೇನೆ. ಲೈನ್ ಚೇಂಜ್, ಅಂದರೆ ಆಟಗಾರರ ಅದಲುಬದಲು ಕೂಡ ನೋಡಲು ಕಲಿಯಬೇಕಾದ ಸಂಗತಿ. ಐಸ್ ಮೇಲೆ ಗೋಲಿ ಬಿಟ್ಟರೆ ಐದೇ ಜನ, ಒಂದು ಸಲ ಇಳಿದರೆ ಮುಕ್ಕಾಲು ನಿಮಿಷದ ಆಸುಪಾಸು ಅಷ್ಟೇ. ಆಟ ನಡೆಯುತ್ತಿರುವಾಗಲೇ ಗೋಡೆ ಹಾರಿ ಒಬ್ಬ ಒಳಗೆ, ಒಬ್ಬ ಹೊರಗೆ. ಈ ಅದಲುಬದಲಿನಲ್ಲಿ ಒಂದು ಕ್ಷಣ ತಡವಾದರೆ ಎದುರಾಳಿ ಗೋಲಿನ ಮುಂದೆ ನಿಂತಿರುತ್ತಾನೆ.

ಇನ್ನು ತಂಡ. ಎನ್‌ಎಚ್‌ಎಲ್‌ನ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್‌ನ) 32ನೇ ತಂಡ ಇದು, 2018ರ ಡಿಸೆಂಬರ್‌ನಲ್ಲಿ ಮಂಜೂರಾಯಿತು. ಅದಕ್ಕೂ ಮೊದಲು, ಆ ವರ್ಷದ ಮಾರ್ಚ್ 1ರಂದು ಸೀಸನ್ ಟಿಕೆಟ್‌ಗೆ ಮುಂಗಡ ತೆರೆದಾಗ 12 ನಿಮಿಷದಲ್ಲಿ 10 ಸಾವಿರ ಜನ ದುಡ್ಡು ಕಟ್ಟಿದ್ದರು. ಅವತ್ತು ತಂಡಕ್ಕೆ ಹೆಸರಿಲ್ಲ, ಆಟಗಾರರಿಲ್ಲ, ಬಣ್ಣ ಕೂಡ ಇಲ್ಲ. 32 ನಂಬರಿನ ಜೆರ್ಸಿಯನ್ನು ಯಾವ ಆಟಗಾರನಿಗೂ ಕೊಡದೆ ಅಭಿಮಾನಿಗಳ ಹೆಸರಿನಲ್ಲಿ ಮೇಲೆ ಕಟ್ಟಿರುವುದು ಆ ಜನರಿಗಾಗಿಯೇ. ಊರಿಗೆ ಹಳೆಯ ಹಾಕಿ ನೆನಪೂ ಇದೆ. 1917ರಲ್ಲಿ ಸಿಯಾಟಲ್ ಮೆಟ್ರೊಪಾಲಿಟನ್ಸ್ ತಂಡ ಐಸ್ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದಿತ್ತು, ಅಮೆರಿಕದ ತಂಡವೊಂದು ಅದನ್ನು ಗೆದ್ದದ್ದು ಅದೇ ಮೊದಲು. 1919ರ ಫೈನಲ್ ಫ್ಲೂ ಪಿಡುಗಿನಿಂದ ಅರ್ಧಕ್ಕೆ ನಿಂತುಹೋಯಿತು.

ಮೊದಲ ಸೀಸನ್‌ನ ಕಷ್ಟಕ್ಕೆ ವೇಗಸ್ ಒಂದು ಕಾರಣ. 2017ರಲ್ಲಿ ಹೊಸದಾಗಿ ಬಂದ ವೇಗಸ್ ಗೋಲ್ಡನ್ ನೈಟ್ಸ್ ಮೊದಲ ವರ್ಷವೇ ಫೈನಲ್ ತಲುಪಿಬಿಟ್ಟಿತ್ತು. ಹೊಸ ತಂಡ ಉಳಿದ ತಂಡಗಳಿಂದ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುತ್ತದೆ. ವೇಗಸ್ ಹಾಗೆ ಆರಿಸುವಾಗ ಉಳಿದ ತಂಡಗಳು ತಮಗೆ ಬೇಕಾದವರನ್ನು ಉಳಿಸಿಕೊಳ್ಳುವ ಗಾಬರಿಯಲ್ಲಿ ವೇಗಸ್‌ಗೆ ಬೇರೆ ಆಟಗಾರರನ್ನು, ಡ್ರಾಫ್ಟ್ ಸರದಿಗಳನ್ನು (ಪ್ರತಿ ವರ್ಷ ಹೊಸ ಹುಡುಗರನ್ನು ಆರಿಸುವ ಸರದಿಗಳನ್ನು) ಧಾರಾಳವಾಗಿ ಕೊಟ್ಟಿದ್ದವು. 2021ರ ಜುಲೈನಲ್ಲಿ ಕ್ರಾಕನ್ ತನ್ನ 30 ಆಟಗಾರರನ್ನು ಆರಿಸುವಾಗ ಎಲ್ಲರೂ ಪಾಠ ಕಲಿತಾಗಿತ್ತು. ಕೋವಿಡ್‌ನಿಂದ ತಂಡವೊಂದು ಆಟಗಾರರಿಗೆ ಕೊಡಬಹುದಾದ ಒಟ್ಟು ಸಂಬಳದ ಮಿತಿಯೂ ಏರಿರಲಿಲ್ಲ. ಆಗಿನ ಜನರಲ್ ಮ್ಯಾನೇಜರ್ ರಾನ್ ಫ್ರಾನ್ಸಿಸ್‌ಗೆ ಅಂಥ ಒಂದು ಒಪ್ಪಂದವೂ ಕುದುರಲಿಲ್ಲ. ಅಕ್ಟೋಬರ್ 23ರಂದು ಮನೆಯಂಗಳದ ಮೊದಲ ಪಂದ್ಯದಲ್ಲಿ ವ್ಯಾಂಕೂವರ್ ಎದುರು 4-2ರ ಸೋಲು. ಸೀಸನ್ ಮುಗಿದಾಗ 27 ಗೆಲುವು, 60 ಪಾಯಿಂಟ್, ಪೆಸಿಫಿಕ್ ವಿಭಾಗದಲ್ಲಿ ಕೊನೆ. ಮಾರ್ಚ್‌ನಲ್ಲಿ ಮೊದಲ ಕ್ಯಾಪ್ಟನ್ ಮಾರ್ಕ್ ಜಿಯೊರ್ಡಾನೊನನ್ನೂ ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಆದರೂ ಸೀಟು ಖಾಲಿ ಬೀಳಲಿಲ್ಲ, ಜನ ಐಸಿಂಗ್ ಅಂದರೇನು, ಆಫ್‌ಸೈಡ್ ಅಂದರೇನು ಅಂತ ಪರಸ್ಪರ ಕೇಳಿಕೊಂಡು ಕಲಿತರು. ಅಕ್ಕಪಕ್ಕದ ಸೀಟಿನವರು ಇವತ್ತಿಗೂ ನಮಗೆ ಆಪ್ತರಾಗಿರುವುದು ಆ ಸೋಲಿನ ವರ್ಷದ ದೆಸೆಯಿಂದ.

ಎರಡನೇ ಸೀಸನ್ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. 2022-23ರಲ್ಲಿ 46 ಗೆಲುವು, 100 ಪಾಯಿಂಟ್. ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಮೇಲೆ ಓವರ್‌ಟೈಮ್‌ನಲ್ಲಿ 9-8. ಜನವರಿಯಲ್ಲಿ ಹೊರ ಊರುಗಳಲ್ಲಿ ಒಂದರ ಹಿಂದೊಂದು 7 ಪಂದ್ಯ, ಏಳನ್ನೂ ಗೆದ್ದರು. ಏಳು ಪಂದ್ಯದ ಪ್ರವಾಸದಲ್ಲಿ ಒಂದನ್ನೂ ಬಿಡದೆ ಗೆದ್ದ ತಂಡ ಲೀಗ್ ಇತಿಹಾಸದಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಜಾರೆಡ್ ಮೆಕ್ಯಾನ್ 40 ಗೋಲು ಹೊಡೆದ. 20 ವರ್ಷದ ಮ್ಯಾಟಿ ಬೆನಿಯರ್ಸ್ 57 ಪಾಯಿಂಟ್ (ತಾನು ಹೊಡೆದ ಗೋಲು, ಬೇರೆಯವರ ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ) ಗಳಿಸಿ ವರ್ಷದ ಹೊಸ ಆಟಗಾರನಿಗೆ ಸಿಗುವ ಕಾಲ್ಡರ್ ಟ್ರೋಫಿ ಪಡೆದ. ತಂಡದಲ್ಲಿ ಮಹಾತಾರೆ ಅಂತ ಯಾರೂ ಇರಲಿಲ್ಲ. ಬದಲಿಗೆ ನಾಲ್ಕೂ ಲೈನ್‌ಗಳು (ಸರದಿಯಂತೆ ಇಳಿಯುವ ಮುಂಪಡೆಯ ಮೂವರ ಗುಂಪುಗಳು) ಗೋಲು ಹೊಡೆಯುತ್ತಿದ್ದವು, ಎದುರಾಳಿಗೆ ಯಾರನ್ನು ಕಾಯಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ.

ಪ್ಲೇಆಫ್‌ನಲ್ಲಿ (ಸೀಸನ್ ನಂತರದ ನಾಕೌಟ್ ಸುತ್ತುಗಳಲ್ಲಿ) ಎದುರಾದದ್ದು ಹಿಂದಿನ ವರ್ಷದ ಚಾಂಪಿಯನ್ ಕೊಲರಾಡೊ. ಏಳು ಪಂದ್ಯಗಳ ಆ ಸರಣಿಯಲ್ಲಿ ಏಳರಲ್ಲೂ ಮೊದಲ ಗೋಲು ಕ್ರಾಕನ್‌ದೇ. ನಾಲ್ಕನೇ ಪಂದ್ಯ, ಏಪ್ರಿಲ್ 24, ನಮ್ಮ ಅರೀನಾದಲ್ಲಿ. 2-2ರಲ್ಲಿ ನಿಂತು ಓವರ್‌ಟೈಮ್‌ಗೆ ಹೋಯಿತು. ಪವರ್ ಪ್ಲೇಯಲ್ಲಿ (ಶಿಕ್ಷೆಯಿಂದ ಎದುರಾಳಿಗೆ ಒಬ್ಬ ಕಡಿಮೆ ಇದ್ದಾಗ) ಜೋರ್ಡಾನ್ ಎಬರ್ಲಿ ಹೊಡೆದದ್ದು ಒಳಗೆ ಹೋದದ್ದನ್ನು ನಮ್ಮ ಮೂಲೆಯಲ್ಲಿ ಯಾರೂ ಸರಿಯಾಗಿ ನೋಡಿರಲಿಕ್ಕಿಲ್ಲ. ಕೆಂಪು ದೀಪ ಹತ್ತಿತು, ಕಾಂಕ್ರೀಟ್ ನೆಲ ಕಾಲಡಿ ನಡುಗಿತು, ಹಿಂದಿನ ಸಾಲಿನ ಅಜ್ಜಿಯೊಬ್ಬರು ನನ್ನ ಹೆಂಡತಿಯನ್ನು ತಬ್ಬಿಕೊಂಡು ಅತ್ತರು. ಏಳನೇ ಪಂದ್ಯದಲ್ಲಿ ಡೆನ್ವರ್‌ನಲ್ಲಿ ಆಲಿವರ್ ಬ್ಯೋರ್ಕ್‌ಸ್ಟ್ರಾಂಡ್‌ನ ಎರಡು ಗೋಲು, 2-1, ಚಾಂಪಿಯನ್ನರು ಮನೆಗೆ. ಮುಂದಿನ ಸುತ್ತಿನಲ್ಲಿ ಡಲ್ಲಾಸ್ ಎದುರು ಮತ್ತೆ ಏಳನೇ ಪಂದ್ಯದವರೆಗೆ ಎಳೆದು ಒಂದೇ ಗೋಲಿನಿಂದ ಸೋತರು.

ನನ್ನ ದೃಷ್ಟಿಯಲ್ಲಿ ತಂಡದ ಮುಂದಿನ ತೊಡಕೆಲ್ಲ ಆ ಒಳ್ಳೆಯ ವರ್ಷದಲ್ಲೇ ಇತ್ತು. ಹೊಡೆದ ಶಾಟ್‌ಗಳಲ್ಲಿ ಗೋಲಾಗುವ ಪ್ರಮಾಣ ಆ ಸೀಸನ್‌ನಲ್ಲಿ ಅಸಾಧಾರಣ ಮಟ್ಟದಲ್ಲಿತ್ತು. ಹಾಗೆ ಪ್ರತಿ ವರ್ಷ ನಡೆಯುವುದಿಲ್ಲ. ಅದೇ ಬೇಸಿಗೆಯಲ್ಲಿ ಡೇನಿಯಲ್ ಸ್ಪ್ರಾಂಗ್, ಮಾರ್ಗನ್ ಗೀಕಿ, ರಯಾನ್ ಡೊನಾಟೊ ಮೂವರನ್ನೂ ಹೋಗಲು ಬಿಟ್ಟರು. ಕೆಳಗಿನ ಲೈನ್‌ಗಳ ಬಲವೇ ತಂಡದ ಬಲವಾಗಿತ್ತು. ಅದು ಕಳಚಿತು, ಮೇಲಿನ ಲೈನ್‌ಗೆ ದೊಡ್ಡ ಗೋಲುಗಾರ ಬರಲಿಲ್ಲ. 2023-24ರಲ್ಲಿ ಬೆನಿಯರ್ಸ್‌ನ ಗೋಲು 24ರಿಂದ 15ಕ್ಕೆ, ಮೆಕ್ಯಾನ್‌ನದು 40ರಿಂದ 29ಕ್ಕೆ ಇಳಿಯಿತು. ತಂಡ 81 ಪಾಯಿಂಟ್‌ಗೆ ನಿಂತಿತು, ಕೋಚ್ ಡೇವ್ ಹ್ಯಾಕ್‌ಸ್ಟಲ್ ಕೆಲಸ ಹೋಯಿತು. ಆ ವರ್ಷ ಮನಸ್ಸಿನಲ್ಲಿ ಉಳಿದದ್ದು ಜನವರಿ 1ರ ವಿಂಟರ್ ಕ್ಲಾಸಿಕ್. ಬೇಸ್‌ಬಾಲ್ ಮೈದಾನದಲ್ಲಿ ತೆರೆದ ಆಕಾಶದಡಿ ಐಸ್ ಹಾಸಿ ಆಡಿದ ಪಂದ್ಯ, ಎದುರಿಗೆ ವೇಗಸ್. ಡಕೋರ್ಡ್ 35 ಶಾಟ್ ತಡೆದ, 3-0. ವಿಂಟರ್ ಕ್ಲಾಸಿಕ್ ಇತಿಹಾಸದಲ್ಲಿ ಎದುರಾಳಿಗೆ ಒಂದೂ ಗೋಲು ಬಿಟ್ಟುಕೊಡದ ಮೊದಲ ಪಂದ್ಯ ಅದು.

2024-25ಕ್ಕೆ ಡ್ಯಾನ್ ಬೈಲ್ಸ್ಮಾ ಕೋಚ್ ಆಗಿ ಬಂದರು, ಜೊತೆಗೆ ಸಹಾಯಕ ಕೋಚ್ ಜೆಸಿಕಾ ಕ್ಯಾಂಪ್‌ಬೆಲ್. ಎನ್‌ಎಚ್‌ಎಲ್ ಬೆಂಚ್ ಹಿಂದೆ ಪೂರ್ಣಾವಧಿ ಸಹಾಯಕ ಕೋಚ್ ಆಗಿ ನಿಂತ ಮೊದಲ ಮಹಿಳೆ ಅವರು. ನಮ್ಮ ಗುಂಪಿನ ಹೆಣ್ಣುಮಕ್ಕಳು ಗೋಲಿಗಿಂತ ಹೆಚ್ಚು ಹೊತ್ತು ಅವರನ್ನೇ ನೋಡುತ್ತಿದ್ದರು, ಕೈಯಲ್ಲಿ ಚಿಕ್ಕ ಬೋರ್ಡ್ ಹಿಡಿದು ಆಟಗಾರನ ಕಿವಿಯ ಬಳಿ ಬಗ್ಗಿ ವಿವರಿಸುವುದನ್ನು. ಇದನ್ನು ನಾನು ಸೀಸನ್ ಟಿಕೆಟ್‌ನ ಲಾಭದ ಪಟ್ಟಿಯಲ್ಲಿ ತೀರಾ ಮೇಲಿಡುತ್ತೇನೆ. ಫಲಿತಾಂಶ ಮಾತ್ರ ಮತ್ತೆ ಇಳಿಮುಖ: 76 ಪಾಯಿಂಟ್. ಹೊಸ ಕ್ಯಾಪ್ಟನ್ ಎಬರ್ಲಿ ಗಾಯಗೊಂಡು ತಿಂಗಳುಗಟ್ಟಲೆ ಹೊರಗುಳಿದ. ಮಾರ್ಚ್‌ನಲ್ಲಿ ಯಾನಿ ಗೂರ್ಡ್, ಬ್ಯೋರ್ಕ್‌ಸ್ಟ್ರಾಂಡ್ ಇಬ್ಬರೂ ಟ್ಯಾಂಪಾಗೆ ಹೋದರು. ಒಂದೇ ವರ್ಷಕ್ಕೆ ಬೈಲ್ಸ್ಮಾ ಕೂಡ ಹೊರಗೆ. ಆದರೆ ಅದೇ ಮಾರ್ಚ್‌ನಲ್ಲಿ ಬ್ರ್ಯಾಂಡನ್ ಮಾಂಟೂರ್ ಮಾಂಟ್ರಿಯಲ್ ಎದುರು ಓವರ್‌ಟೈಮ್ ಶುರುವಾದ 4ನೇ ಸೆಕೆಂಡಿಗೆ ಗೋಲು ಹೊಡೆದು ಹ್ಯಾಟ್ರಿಕ್ ಮುಗಿಸಿದ್ದೂ ಆಯಿತು. ಸೀಸನ್ ಪಂದ್ಯಗಳ ಓವರ್‌ಟೈಮ್‌ನಲ್ಲಿ ಅಷ್ಟು ಬೇಗ ಗೋಲು ಹಿಂದೆಂದೂ ಆಗಿರಲಿಲ್ಲ. ಶೇನ್ ರೈಟ್ 19 ಗೋಲು ಹೊಡೆದು, 2022ರ ಡ್ರಾಫ್ಟ್‌ನಲ್ಲಿ ತನ್ನನ್ನು ನಾಲ್ಕನೆಯವನಾಗಿ ಆರಿಸಿದ್ದು ಸರಿ ಅಂತ ತೋರಿಸಿದ. 2025ರಲ್ಲಿ ಲೇನ್ ಲ್ಯಾಂಬರ್ಟ್ ಕೋಚ್ ಆಗಿ ಬಂದರು. ಎರಡು ಸೀಸನ್‌ನೊಳಗೆ ಇಬ್ಬರು ಕೋಚ್‌ಗಳನ್ನು ಬದಲಿಸಿದ್ದು ನನಗೆ ಹಿಡಿಸಿಲ್ಲ. ರೈಟ್, ಬೆನಿಯರ್ಸ್ ವಯಸ್ಸಿನ ಹುಡುಗರಿಗೆ ಪ್ರತಿ ವರ್ಷ ಹೊಸ ಪದ್ಧತಿ ಕಲಿಸುತ್ತಾ ಕೂತರೆ ಅವರು ಯಾವಾಗ ಸ್ವಂತ ಬುದ್ಧಿಯಿಂದ ಆಡುವುದು?

ದುಡ್ಡಿನ ವಿಷಯ. ಸೀಸನ್‌ಗೆ ಮನೆಯಂಗಳದಲ್ಲಿ 40ಕ್ಕೂ ಹೆಚ್ಚು ಪಂದ್ಯ, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ಬಹುಪಾಲು ವಾರದ ದಿನ ಸಂಜೆ ಏಳಕ್ಕೆ. ಮಕ್ಕಳ ಶಾಲೆ, ಆಫೀಸು ಇಟ್ಟುಕೊಂಡು ಒಂದು ಮನೆಯವರು ಅಷ್ಟಕ್ಕೂ ಹೋಗಲಾರರು. ಹೋಗದ ಟಿಕೆಟ್ ಮರುಮಾರಾಟ ಮಾಡಿದರಾಯಿತು ಅನ್ನುವ ಲೆಕ್ಕ ತಂಡ ಗೆಲ್ಲುತ್ತಿರುವಾಗ ಮಾತ್ರ ಸರಿ. ಸೋಲುತ್ತಿರುವ ಫೆಬ್ರವರಿಯ ಮಂಗಳವಾರಕ್ಕೆ ಹಾಕಿದ ದುಡ್ಡು ಹಿಂದಕ್ಕೆ ಬರುವುದಿಲ್ಲ. ನಾವು ಸೀಸನ್‌ಗೆ ಮುಂಚೆಯೇ ಒಂದು ಮನೆಯಲ್ಲಿ ಸೇರಿ ವೇಳಾಪಟ್ಟಿ ಹರಡಿಕೊಂಡು ಸರದಿ ಪ್ರಕಾರ ಪಂದ್ಯ ಆರಿಸಿಕೊಳ್ಳುತ್ತೇವೆ. ವ್ಯಾಂಕೂವರ್, ವೇಗಸ್, ಎಡ್ಮಂಟನ್ ಪಂದ್ಯಗಳು ಮೊದಲ ಸುತ್ತಿನಲ್ಲೇ ಖಾಲಿ. ವ್ಯಾಂಕೂವರ್ ಬಂದಾಗ ಅರ್ಧ ಊರೇ ಗಡಿ ದಾಟಿ ಬಂದಂತಿರುತ್ತದೆ, ಎರಡೂ ಕಡೆಯ ಕೂಗಿಗೆ ಚಾವಣಿ ಹಾರುತ್ತದೆ. ಪಾರ್ಕಿಂಗ್‌ಗೆ ದುಡ್ಡು ಹಾಕಲೇಬೇಡಿ. ಬಸ್, ಲೈಟ್ ರೈಲ್, ಮೋನೋರೈಲ್ ಎಲ್ಲ ಇವೆ. ವೆಸ್ಟ್‌ಲೇಕ್‌ನಲ್ಲಿ ಮೋನೋರೈಲ್ ಹತ್ತಿದರೆ ಕೆಲವೇ ನಿಮಿಷಕ್ಕೆ ಬಾಗಿಲಲ್ಲಿರುತ್ತೀರಿ. ಒಳಗಿನ ಊಟ ಅಮೆರಿಕದ ಎಲ್ಲ ಕ್ರೀಡಾಂಗಣಗಳಂತೆ ದುಬಾರಿ, ಸಸ್ಯಾಹಾರಿಗಳು ಹಸಿದು ಕೂರಬೇಕಿಲ್ಲ ಅನ್ನುವುದು ಸಮಾಧಾನ. ಒಂದು ಸ್ವೆಟರ್ ಸಾಕು. ಪಂದ್ಯ ಗೆದ್ದ ರಾತ್ರಿ ಬೇಗ ಎದ್ದು ಹೋಗಬೇಡಿ, ಚೆನ್ನಾಗಿ ಆಡಿದ ಆಟಗಾರರು ಬಟ್ಟೆಯ ಸಾಲ್ಮನ್ ಮೀನುಗಳನ್ನು ಜನರತ್ತ ಎಸೆಯುತ್ತಾರೆ, ಮಕ್ಕಳಿಗೆ ಅದೇ ದೊಡ್ಡ ಹಬ್ಬ.

ಇದಿಷ್ಟೂ ಹೆಚ್ಚಾಯಿತು ಅನಿಸುವವರು ನಾರ್ತ್‌ಗೇಟ್‌ನಿಂದ ಶುರುಮಾಡಿ. ಲೈಟ್ ರೈಲ್ ಸ್ಟೇಷನ್‌ನ ಹತ್ತಿರವೇ ತಂಡದ ಐಸ್‌ಪ್ಲೆಕ್ಸ್ ಇದೆ, ಮೂರು ಐಸ್ ಅಂಗಳಗಳು. ಕ್ರಾಕನ್ ಅಲ್ಲೇ ಅಭ್ಯಾಸ ಮಾಡುತ್ತದೆ, ಸಾರ್ವಜನಿಕರಿಗೆ ತೆರೆದ ದಿನಗಳಲ್ಲಿ ಪುಕ್ಕಟೆಯಾಗಿ ನೋಡಬಹುದು. ಅಷ್ಟು ಹತ್ತಿರದಿಂದ ಮೆಕ್ಯಾನ್ ಮಣಿಕಟ್ಟು ತಿರುಗಿಸಿ ಪಕ್ ಹೊಡೆದಾಗ ಬರುವ ಸದ್ದನ್ನು ಅರೀನಾದ ಯಾವ ಸೀಟಿನಿಂದಲೂ ಕೇಳಲಾಗುವುದಿಲ್ಲ. ಮಕ್ಕಳಿಗೆ, ದೊಡ್ಡವರಿಗೆ ಸ್ಕೇಟಿಂಗ್ ತರಗತಿಗಳೂ ಅಲ್ಲೇ ಇವೆ. ಮೊದಲು ಮಕ್ಕಳನ್ನು ಅಲ್ಲಿ ಐಸ್ ಮೇಲೆ ನಿಲ್ಲಿಸಿ, ಒಂದೆರಡು ಬಿಡಿ ಟಿಕೆಟ್ ತಗೊಂಡು ಮೇಲಿನ ಸಾಲಿನಿಂದ ಪಂದ್ಯ ನೋಡಿ. ಮೂರನೇ ಪೀರಿಯಡ್‌ನಲ್ಲೂ ಅವರು ಫೋನ್ ಕೇಳದಿದ್ದರೆ, ಸೀಸನ್ ಟಿಕೆಟ್‌ಗೆ ಜೊತೆಗಾರರನ್ನು ಹುಡುಕಲು ಶುರುಮಾಡಿ.