ಕೆಡವಿ ಕಟ್ಟುವ ಮನೆ, ನೆನಪಿನ ಮನೆ: ಮೊದಲು ಯಾವುದಕ್ಕೆ ಕಾಲಿಡೋದು?

ತತ್ವಶಾಸ್ತ್ರದಲ್ಲಿ ಮನೆಯ ರೂಪಕ ಹುಡುಕುತ್ತಾ ಹೊರಟರೆ ಇಬ್ಬರು ಫ್ರೆಂಚರು ಎದುರಾಗುತ್ತಾರೆ. ಒಬ್ಬ 1637ರಲ್ಲಿ ‘ಡಿಸ್ಕೋರ್ಸ್ ಆನ್ ಮೆಥಡ್’ (ಇಂಗ್ಲಿಷ್ ಹೆಸರು) ಪ್ರಕಟಿಸಿದ ಡೆಕಾರ್ಟ್, ಇನ್ನೊಬ್ಬ 1957ರಲ್ಲಿ ‘ದಿ ಪೊಯೆಟಿಕ್ಸ್ ಆಫ್ ಸ್ಪೇಸ್’ (ಇದೂ ಇಂಗ್ಲಿಷ್ ಹೆಸರು) ಪ್ರಕಟಿಸಿದ ಬಾಷೆಲಾರ್.

ಡೆಕಾರ್ಟ್‌ಗೆ ಜ್ಞಾನ ಅಂದರೆ ಕಟ್ಟಡ. ತಳಪಾಯವೇ ಅಲುಗಾಡುತ್ತಿದ್ದರೆ ಗೋಡೆಗೆ ಸುಣ್ಣ ಬಳಿದು ಏನು ಪ್ರಯೋಜನ? ಕೆಡವು, ಮತ್ತೆ ಕಟ್ಟು. ಸರಿ, ಕಟ್ಟಿ ಮುಗಿಯುವವರೆಗೆ ಇರುವುದೆಲ್ಲಿ? ಅದನ್ನೂ ಅವನು ಯೋಚಿಸಿದ್ದ. ತಾತ್ಕಾಲಿಕ ಬಿಡಾರದಂತೆ ನಡವಳಿಕೆಯ ಮೂರ್ನಾಲ್ಕು ನಿಯಮ ಇಟ್ಟುಕೊಂಡ: ದೇಶದ ಕಾನೂನು ಪಾಲಿಸು, ಹಿಡಿದ ದಾರಿ ಬಿಡಬೇಡ, ಹೀಗೆ. ಮನೆ ರಿಪೇರಿ ಮಾಡಿಸಿದವರಿಗೆ ಈ ಜಾಗ ತಟ್ಟನೆ ಅರ್ಥವಾಗುತ್ತದೆ.

ಬಾಷೆಲಾರ್ ಏನನ್ನೂ ಕೆಡವುವುದಿಲ್ಲ. ಹುಟ್ಟಿದ ಮನೆಯೊಳಗೆ ಸುಮ್ನೆ ಓಡಾಡಿಸುತ್ತಾನೆ. ಅಟ್ಟದಲ್ಲಿ ಸ್ಪಷ್ಟ ಯೋಚನೆ, ನೆಲಮಾಳಿಗೆಯಲ್ಲಿ ಕತ್ತಲು, ಭಯ. ನೆನಪಿನಲ್ಲಿ ನೆಲಮಾಳಿಗೆಯ ಮೆಟ್ಟಿಲನ್ನು ನಾವು ಯಾವಾಗಲೂ ಇಳಿಯುತ್ತೇವೆ, ಅಟ್ಟದ್ದನ್ನು ಹತ್ತುತ್ತೇವೆ ಅನ್ನುತ್ತಾನೆ. ನಮ್ಮ ಅಟ್ಟದಲ್ಲಿ ಕತ್ತಲೇ ಜಾಸ್ತಿ ಅಲ್ವಾ, ಅದು ಬೇರೆ ಮಾತು. ಡ್ರಾಯರ್, ಬೀರು, ಹಕ್ಕಿಗೂಡು, ಮೂಲೆ, ಯಾವುದನ್ನೂ ಬಿಡುವುದಿಲ್ಲ.

ವಾದದ ಬಿಗಿ ಬೇಕಿದ್ದರೆ ಡೆಕಾರ್ಟ್. ಪುಸ್ತಕವೂ ಚಿಕ್ಕದು. ಕಥೆ, ಕವಿತೆ ಬರೆಯುವವರಾದರೆ ಬಾಷೆಲಾರ್‌ನಿಂದ ಶುರುಮಾಡಿ. ದಿನಕ್ಕೊಂದು ಅಧ್ಯಾಯ ಸಾಕು.