ಸಾಲಿಸಿಟರ್ ಆಗಲು ಸುರಿದ ದುಡ್ಡು: ಅರ್ಧ ದಂಡ, ಅರ್ಧ ಸಾರ್ಥಕ

ಸಾಗರದ ಕೋರ್ಟಿನಲ್ಲಿ ನಾಲ್ಕು ವರ್ಷ ಕರಿಕೋಟು ತೊಟ್ಟು ಓಡಾಡಿದವಳು ನಾನು. ಮದುವೆಯಾಗಿ ಇಂಗ್ಲೆಂಡಿನ ರೆಡಿಂಗ್ ಪಟ್ಟಣಕ್ಕೆ ಬಂದ ಮೇಲೆ ಆ ಕೋಟು ಸೂಟ್‌ಕೇಸಿನ ತಳ ಸೇರಿತು. ಈಗ ಮನೆ ಕೊಡುಕೊಳ್ಳುವವರ ಕಾಗದಪತ್ರ ನೋಡುವ ಒಂದು ಸಣ್ಣ ಸಾಲಿಸಿಟರ್ (ಇಲ್ಲಿನ ಒಂದು ಬಗೆಯ ವಕೀಲರು) ಕಚೇರಿಯಲ್ಲಿ ವಾರಕ್ಕೆ ನಾಲ್ಕು ದಿನ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ಕಳೆದ ಎರಡು ವರ್ಷದಲ್ಲಿ ಸಾಲಿಸಿಟರ್ ಪರೀಕ್ಷೆಯ ತರಬೇತಿಗೆಂದು ಎರಡು ಕೋರ್ಸು ಕೊಂಡೆ. ಊರಿನಿಂದ ಎಲ್‌ಎಲ್‌ಬಿ ಮುಗಿಸಿ ಬಂದ ಹುಡುಗಿಯರು "ಅಕ್ಕಾ, ಆ ಕೋರ್ಸು ಸೇರಬಹುದೇ?" ಎಂದು ಫೋನ್ ಮಾಡುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಹೇಳಿ ಸಾಕಾಗಿದೆ. ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಸಂಸ್ಥೆಯ ಹೆಸರು ಹಾಕುವುದಿಲ್ಲ. ಬೇರೆ ಕಡೆ ಓದಿದ ಗೆಳತಿಯರ ಕಥೆಯೂ ಹೆಚ್ಚುಕಡಿಮೆ ಇದೇ ಆದ್ದರಿಂದ ಹೆಸರು ಹಾಕಿ ಪ್ರಯೋಜನವೂ ಇಲ್ಲ.

ಮೊದಲು ಒಂದು ವಿಷಯ ತಿಳಿದಿರಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈಗ ಯಾವ ಕೋರ್ಸೂ ಕಡ್ಡಾಯವಲ್ಲ, ಪರೀಕ್ಷೆ ಮಾತ್ರ ಕಡ್ಡಾಯ. 1993ರಿಂದ ಎಲ್‌ಪಿಸಿ ಎಂಬ ಕೋರ್ಸು ಇತ್ತು. ಕಾನೂನು ಪದವಿಯ ಮೇಲೆ ಅದನ್ನು ಓದಿ, ಆಮೇಲೆ ಯಾವುದಾದರೂ ಕಚೇರಿಯಲ್ಲಿ ಎರಡು ವರ್ಷ ತರಬೇತಿ ಪಡೆದರೆ ಸಾಲಿಸಿಟರ್. ಆ ತರಬೇತಿಯ ಜಾಗ ಸಿಗದೆ, ಸಾಲ ಮಾಡಿ ಎಲ್‌ಪಿಸಿ ಮುಗಿಸಿಯೂ ಅತಂತ್ರರಾಗಿ ಉಳಿದವರು ಇಲ್ಲಿ ಬೇಕಾದಷ್ಟು ಜನ. 2021ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಎಸ್‌ಕ್ಯೂಇ ಎಂಬ ಕೇಂದ್ರೀಯ ಪರೀಕ್ಷೆ ಬಂತು. ಎಲ್ಲಿ ಓದಿದಿರಿ, ಹೇಗೆ ಓದಿದಿರಿ ಎಂದು ಯಾರೂ ಕೇಳುವುದಿಲ್ಲ. ಎರಡು ಹಂತದ ಪರೀಕ್ಷೆ ಗೆದ್ದು, ಎರಡು ವರ್ಷದ ಕೆಲಸದ ಅನುಭವ ತೋರಿಸಿದರೆ ಆಯಿತು. ಆ ಅನುಭವವನ್ನು ನಾಲ್ಕು ಕಡೆಯವರೆಗೆ ಹಂಚಿಕೊಂಡು ಗಳಿಸಬಹುದು. ನನ್ನಂತೆ ಊರಿನಲ್ಲಿಯೇ ಸನ್ನದು ಪಡೆದು ಬಂದ ವಕೀಲರಿಗೆ ಅನುಭವದ ಷರತ್ತೂ ಇಲ್ಲ. ಕೋರ್ಸು ಕಡ್ಡಾಯವಲ್ಲ ಎಂದಾದ ಕೂಡಲೇ ಕೋರ್ಸು ಮಾರುವ ಅಂಗಡಿಗಳು ಸಾಲಾಗಿ ತೆರೆದುಕೊಂಡವು. ಅಂಥದ್ದೇ ಒಂದು ಅಂಗಡಿಗೆ ನಾನೂ ಹೋದೆ.

ಮೊದಲ ಹಂತದ ಕೋರ್ಸಿಗೆ 3,200 ಪೌಂಡ್ ಕೊಟ್ಟೆ. ಒಂಬತ್ತು ತಿಂಗಳು, ಎಲ್ಲವೂ ಆನ್‌ಲೈನ್. ಈ ಹಂತದಲ್ಲಿ ಎರಡು ಪತ್ರಿಕೆ, ಒಂದೊಂದರಲ್ಲಿ 180 ಪ್ರಶ್ನೆ, ಪ್ರತಿ ಪ್ರಶ್ನೆಗೆ ಐದು ಆಯ್ಕೆ. ಪುಸ್ತಕ ಒಳಗೆ ಒಯ್ಯುವಂತಿಲ್ಲ. ಬೆಳಿಗ್ಗೆ 90, ಮಧ್ಯಾಹ್ನ 90, ಒಂದು ಪ್ರಶ್ನೆಗೆ ಸಿಗುವುದು ಹೆಚ್ಚೆಂದರೆ ನೂರೆರಡು ಸೆಕೆಂಡು. ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಬೇರ್ ಆ್ಯಕ್ಟ್ (ಕಾಯಿದೆಯ ಮೂಲಪಾಠದ ಪುಸ್ತಕ) ಮುಂದಿಟ್ಟುಕೊಂಡು ನೂರು ಪ್ರಶ್ನೆ ಬರೆದು ಬಂದವಳಿಗೆ ಇದನ್ನು ಕೇಳಿಯೇ ತಲೆ ಚಿಟ್ಟು ಹಿಡಿಯಿತು. ಈ ಪರೀಕ್ಷೆ ಮೊದಲ ಸಲ ನಡೆದದ್ದು 2021ರ ನವೆಂಬರ್‌ನಲ್ಲಿ. ಅಂದು ಪಾಸಾದವರು ಶೇ. 53 ಮಾತ್ರ.

ಭಾರತದಲ್ಲಿ ಓದಿದವರಿಗೆ ನಿಜವಾದ ಕಷ್ಟ ಹೊಸದನ್ನು ಕಲಿಯುವುದಲ್ಲ, ಕಲಿತದ್ದನ್ನು ಮರೆಯುವುದು. ಒಂದು ಉದಾಹರಣೆ ಹೇಳುತ್ತೇನೆ. ನಮ್ಮ 1872ರ ಕರಾರು ಅಧಿನಿಯಮದಲ್ಲಿ ಪ್ರತಿಫಲ (ಕೊಟ್ಟ ಮಾತಿಗೆ ಬದಲಾಗಿ ಸಲ್ಲುವುದು) ಹಿಂದೆಯೇ ಸಂದಿದ್ದರೂ ನಡೆಯುತ್ತದೆ, ಮೂರನೆಯವರು ಕೊಟ್ಟರೂ ನಡೆಯುತ್ತದೆ. ಇಲ್ಲಿ ಎರಡೂ ಸಾಮಾನ್ಯವಾಗಿ ನಡೆಯುವುದಿಲ್ಲ. ಅಪ್ರಾಪ್ತರು ಮಾಡಿದ ಕರಾರು ನಮ್ಮಲ್ಲಿ ಮೂಲದಿಂದಲೇ ಶೂನ್ಯ. ಇಲ್ಲಿ ಅವಶ್ಯಕ ವಸ್ತುಗಳ ವಿಷಯಕ್ಕೆ ಬಂದರೆ ಅದು ಅವರನ್ನು ಕಟ್ಟಿಹಾಕುತ್ತದೆ. ಐದು ಆಯ್ಕೆಗಳಲ್ಲಿ ಒಂದು ನಮ್ಮ ಕಾನೂನಿಗೆ ತದ್ವತ್ ಹೊಂದುವಂತೆ ಬಂದು ಕೂತಿರುತ್ತದೆ, ಬೆರಳು ತಾನಾಗಿಯೇ ಅದರತ್ತ ಹೋಗುತ್ತದೆ. ಮೊದಲ ಮಾದರಿ ಪರೀಕ್ಷೆಯಲ್ಲಿ ಕರಾರಿನ ಭಾಗದಲ್ಲೇ ಸೋತು ಕೂತೆ. ಎಲ್‌ಎಲ್‌ಬಿಯಲ್ಲಿ ನನಗೆ ಅತಿ ಹೆಚ್ಚು ಅಂಕ ಬಂದಿದ್ದ ವಿಷಯವೇ ಅದು!

ಈ ತೊಡಕನ್ನು ಸಂಸ್ಥೆಯವರು ಬಿಡಿಸಿದರೇ? ಇಲ್ಲ. "ವಿದೇಶಿ ವಕೀಲರಿಗೆ ವಿಶೇಷ ನೆರವು" ಎಂದು ಜಾಹೀರಾತಿನಲ್ಲಿತ್ತು. ಆ ನೆರವು ನಲವತ್ತು ನಿಮಿಷದ ಒಂದು ಧ್ವನಿಮುದ್ರಿತ ಪಾಠ, ಅದೂ ಅಮೆರಿಕದ ವಕೀಲರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಒಂಬತ್ತು ತಿಂಗಳಲ್ಲಿ ನನ್ನ ಮಾರ್ಗದರ್ಶಕರು ಮೂರು ಸಲ ಬದಲಾದರು. ಮೂರನೆಯವರಿಗೆ ನಾನು ಯಾರೆಂದು ಹೇಳುವಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಟಿಪ್ಪಣಿಗಳೆಲ್ಲ ಅಚ್ಚುಕಟ್ಟು, ಆದರೆ ಓದಿದರೆ ಹೊಟ್ಟು ತಿಂದ ಹಾಗೆ. ಮನೆ ಖರೀದಿಯ ಕರಾರನ್ನು ಇಲ್ಲಿ ಎರಡು ಕಡೆಯ ಸಾಲಿಸಿಟರ್‌ಗಳು ಫೋನಿನಲ್ಲೇ ಮುಗಿಸುತ್ತಾರೆ. ಸಹಿಯಾದ ಪ್ರತಿ ಒಬ್ಬೊಬ್ಬರ ಮೇಜಿನ ಮೇಲಿರುತ್ತದೆ, "ಫಾರ್ಮುಲಾ ಬಿ" ಎಂದು ಹೇಳಿ, ಗಡಿಯಾರ ನೋಡಿ ಸಮಯ ಬರೆದುಕೊಂಡರೆ ಆ ಕ್ಷಣದಿಂದ ಯಾರೂ ಹಿಂದೆ ಸರಿಯುವಂತಿಲ್ಲ. ನಮ್ಮ ಕಚೇರಿಯಲ್ಲಿ ಇದನ್ನು ಮೊದಲ ಸಲ ಕಂಡ ದಿನ ನನಗೆ ಮೈ ಜುಮ್ಮೆಂದಿತ್ತು. ಉಪನೋಂದಣಿ ಕಚೇರಿಯ ಜಗಲಿಯಲ್ಲಿ ಹೆಬ್ಬೆಟ್ಟಿನ ಸರದಿಗೆ ದಿನವಿಡೀ ಕಾದವಳಲ್ಲವೇ ನಾನು! ಕೋರ್ಸಿನ ಟಿಪ್ಪಣಿಯಲ್ಲಿ ಇದಕ್ಕೆ ಸಿಕ್ಕಿದ್ದು ಮೂರು ಚುಕ್ಕೆ ಸಾಲು.

ಒಂದೇ ಒಂದು ತರಗತಿಯನ್ನು ಹೊಗಳಲೇಬೇಕು. ಸಾಲಿಸಿಟರ್‌ಗಳ ಲೆಕ್ಕಪತ್ರ ಎಂಬ ವಿಷಯ ಎಲ್ಲರಿಗೂ ಕಬ್ಬಿಣದ ಕಡಲೆ. ಕಕ್ಷಿದಾರರ ಹಣ ಒಂದು ಖಾತೆಯಲ್ಲಿ, ಕಚೇರಿಯ ಹಣ ಇನ್ನೊಂದರಲ್ಲಿ ಇರಬೇಕು. ಒಂದು ಪೆನ್ನಿ ಆಚೀಚೆಯಾದರೂ ನಿಯಮಭಂಗ, ಗೊತ್ತಾದ ಕೂಡಲೇ ಸರಿಪಡಿಸಬೇಕು. ಆ ದಿನ ಪಾಠ ಮಾಡಿದ ವಯಸ್ಸಾದ ಮೇಷ್ಟ್ರು ಸ್ಲೈಡು ತೆರೆಯಲೇ ಇಲ್ಲ. ಕ್ಯಾಮೆರಾದ ಮುಂದೆ ಎರಡು ಬಿಸ್ಕತ್ತಿನ ಡಬ್ಬಿ ಇಟ್ಟರು, ಕಕ್ಷಿದಾರರ ಹಣಕ್ಕೆ ಒಂದು ಕೆಂಪು, ಕಚೇರಿಯ ಹಣಕ್ಕೆ ಒಂದು ನೀಲಿ. ಚಿಲ್ಲರೆ ಕಾಸು ಹಾಕುತ್ತ, ತೆಗೆಯುತ್ತ, "ಬಿಲ್ಲು ಕಳಿಸುವ ಮೊದಲೇ ನಿಮ್ಮ ಶುಲ್ಕವನ್ನು ಕೆಂಪು ಡಬ್ಬಿಯಿಂದ ಎತ್ತಿಕೊಂಡಿರೋ, ಕೆಟ್ಟಿರಿ" ಎಂದರು. ಪರೀಕ್ಷೆಯಲ್ಲಿ ಲೆಕ್ಕಪತ್ರದ ಪ್ರಶ್ನೆ ಬಂದಾಗಲೆಲ್ಲ ನನಗೆ ಕಂಡದ್ದು ಆ ಡಬ್ಬಿಗಳು. ಅವರು ಮತ್ತೆ ಪಾಠಕ್ಕೆ ಬರಲಿಲ್ಲ. ವಿಚಾರಿಸಿದರೆ, ಅತಿಥಿ ಉಪನ್ಯಾಸಕರು ಎಂದರು.

ಇನ್ನು "ಪಾಸಾಗದಿದ್ದರೆ ಮತ್ತೆ ಉಚಿತ" ಎಂಬ ಭರವಸೆಯ ಕಥೆ. ನನ್ನ ಬ್ಯಾಚಿನ ಒಬ್ಬಳು ಬಾಣಂತಿ. ಒಂದು ಮಾದರಿ ಪರೀಕ್ಷೆ ತಪ್ಪಿಸಿಕೊಂಡಳು, ಕೊನೆಗೆ ನಾಲ್ಕೈದು ಅಂಕದಲ್ಲಿ ಫೇಲಾದಳು. ಉಚಿತ ಸೀಟು ಕೇಳಿದರೆ, ಎಲ್ಲ ಮಾದರಿ ಪರೀಕ್ಷೆಗಳನ್ನೂ ಬರೆದಿರಬೇಕೆಂಬ ಷರತ್ತು ತೋರಿಸಿದರು. ಷರತ್ತು ಇತ್ತು, ನಿಜ, ಹನ್ನೊಂದನೆಯ ಪುಟದಲ್ಲಿ. ಕರಾರು ಕಾನೂನು ಕಲಿಸುವವರ ಕರಾರನ್ನೇ ಓದದೆ ಸಹಿ ಹಾಕಿದ ವಕೀಲರು ನಾವು. ಯಾರ ಹತ್ತಿರ ದೂರುವುದು?

2025ರ ಜನವರಿಯಲ್ಲಿ ಬರೆದೆ, ಪಾಸಾದೆ. ಪಾಸು ಮಾಡಿಸಿದ್ದು ಆ 3,200 ಪೌಂಡಿನ ಕೋರ್ಸಲ್ಲ. ಕೊನೆಯ ಮೂರು ತಿಂಗಳು ಪ್ರತ್ಯೇಕವಾಗಿ ಕೊಂಡ ಪ್ರಶ್ನೆಗಳ ಸಂಚಯ ಮತ್ತು ನಾನೇ ಮಾಡಿಕೊಂಡ ಒಂದು ನೋಟ್‌ಬುಕ್. ಅದರ ಎಡ ಪುಟದಲ್ಲಿ "ನಮ್ಮಲ್ಲಿ", ಬಲ ಪುಟದಲ್ಲಿ "ಇಲ್ಲಿ". ಎಡಕ್ಕೆ ಪಹಣಿ, ಮ್ಯುಟೇಷನ್, ಋಣಭಾರ ಪತ್ರ. ಬಲಕ್ಕೆ ಮೂರು ಭಾಗದ ಒಂದೇ ರಿಜಿಸ್ಟರು, ಆಸ್ತಿಯದು, ಮಾಲೀಕರದು, ಸಾಲದ್ದು. ಎಡಕ್ಕೆ "1985ರಲ್ಲಿ ಹೋಯಿತು" ಎಂದು ಬರೆದ ಎಸ್ಟೇಟ್ ತೆರಿಗೆ. ಬಲಕ್ಕೆ ಸತ್ತವರ ಆಸ್ತಿಯಲ್ಲಿ 3,25,000 ಪೌಂಡ್ ದಾಟಿದ್ದಕ್ಕೆ ಶೇ. 40. ಈ ಕೆಲಸವನ್ನು ಕೋರ್ಸು ಮಾಡಿಕೊಡಬೇಕಿತ್ತು.

ಇಷ್ಟೆಲ್ಲ ಆದಮೇಲೆ ಎರಡನೆಯ ಹಂತಕ್ಕೂ ಅವರಲ್ಲಿಗೇ ಏಕೆ ಹೋದಿರಿ ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಕೇಳಿದರು. ಹಳೆಯ ವಿದ್ಯಾರ್ಥಿಗಳಿಗೆ ರಿಯಾಯಿತಿ ಇತ್ತು, ಅಷ್ಟೇ. 2,100 ಪೌಂಡ್, ಎಂಟು ವಾರ, ಅದರಲ್ಲಿ ಆರು ಶನಿವಾರ ಲಂಡನ್ನಿನಲ್ಲಿ ಮುಖಾಮುಖಿ ತರಬೇತಿ. ಈ ದುಡ್ಡಿಗೆ ನಾನು ಒಂದು ದಿನವೂ ಹೊಟ್ಟೆ ಉರಿದುಕೊಂಡಿಲ್ಲ.

ಎರಡನೆಯ ಹಂತದಲ್ಲಿ ಹದಿನಾರು ಬಿಡಿ ಪರೀಕ್ಷೆಗಳು, ಹನ್ನೆರಡು ಬರವಣಿಗೆ, ನಾಲ್ಕು ಮಾತು. ಮಾತಿನಲ್ಲಿ ಎರಡು ವಾದ ಮಂಡನೆ, ಎರಡು ಕಕ್ಷಿದಾರರ ಸಂದರ್ಶನ. ವಾದ ನನಗೆ ಭಯವಿರಲಿಲ್ಲ. ಆದರೆ ಮೊದಲ ಶನಿವಾರವೇ ಎದ್ದು ನಿಂತು ಡಿಸ್ಟ್ರಿಕ್ಟ್ ಜಡ್ಜ್ ಪಾತ್ರದಲ್ಲಿದ್ದವರನ್ನು "ಯುವರ್ ಆನರ್" ಎಂದುಬಿಟ್ಟೆ. ಅವರು ನಕ್ಕು, "ಬಡ್ತಿಗೆ ಧನ್ಯವಾದ" ಎಂದರು. ಇಲ್ಲಿ ಹಾಗೆ ಕರೆಯುವುದು ಅವರಿಗಿಂತ ಮೇಲಿನ ಸರ್ಕಿಟ್ ಜಡ್ಜ್ ಅವರನ್ನು. ಡಿಸ್ಟ್ರಿಕ್ಟ್ ಜಡ್ಜ್ ಅವರನ್ನು 2022ರ ಡಿಸೆಂಬರ್‌ನಿಂದ ಬರೀ "ಜಡ್ಜ್" ಎನ್ನುತ್ತಾರೆ. ಬರೀ ಜಡ್ಜ್ ಎನ್ನಲು ನನ್ನ ನಾಲಿಗೆ ಹೊರಳಲಿಕ್ಕೆ ಮೂರು ಶನಿವಾರ ಬೇಕಾಯಿತು.

ಸಂದರ್ಶನದಲ್ಲಿ ಮಾತ್ರ ನಾನು ಇಂಗು ತಿಂದ ಮಂಗನಾದೆ. ಹತ್ತು ನಿಮಿಷ ಕಾಗದ ನೋಡಲು, ಇಪ್ಪತ್ತೈದು ನಿಮಿಷ ಮಾತನಾಡಲು, ಮತ್ತೆ ಇಪ್ಪತ್ತೈದು ನಿಮಿಷ ಟಿಪ್ಪಣಿ ಕೈಯಲ್ಲಿ ಬರೆಯಲು. ಎದುರಿಗೆ ಕೂತವರು ಕಕ್ಷಿದಾರರ ಪಾತ್ರದವರು, ಅಂಕ ಕೊಡುವವರೂ ಅವರೇ. ಅವರು ನಿಮ್ಮ ಕಾನೂನನ್ನು ಅಳೆಯುವುದಿಲ್ಲ, ನಿಮ್ಮ ರೀತಿಯನ್ನು ಅಳೆಯುತ್ತಾರೆ. ಕಾನೂನಿನ ಲೆಕ್ಕ ಆಮೇಲೆ ಟಿಪ್ಪಣಿಯಲ್ಲಿ. ಮೊದಲ ಶನಿವಾರ ನನ್ನೆದುರು ಕೂತದ್ದು ಉಯಿಲು ಬರೆಸಲು ಬಂದ ವಿಧವೆಯ ಪಾತ್ರದ ಹೆಂಗಸು, ಎಪ್ಪತ್ತರ ಆಸುಪಾಸು, ಮಡಿಲಲ್ಲಿ ಕೈಚೀಲ. ನಾನು ಬಾಯಿಪಾಠ ಒಪ್ಪಿಸುವವಳಂತೆ ತೆರಿಗೆಯ ಮಿತಿ, ಸಾಕ್ಷಿಗಳ ನಿಯಮ, ಉಯಿಲು ಜಾರಿ ಮಾಡುವವರ ನೇಮಕ ಎಂದು ಒಂದೇ ಸಮನೆ ಹೊಡೆದೆ. ಅವರು ತಲೆ ಆಡಿಸುತ್ತ ಕೇಳಿದರು. ಸಮಯ ಮುಗಿದ ಮೇಲೆ ಪಾತ್ರ ಬಿಟ್ಟು, ಮೃದುವಾಗಿ ಹೇಳಿದರು: "ನನಗೆ ಮಗನೊಬ್ಬನಿದ್ದಾನೆ, ಹನ್ನೆರಡು ವರ್ಷದಿಂದ ಮಾತಿಲ್ಲ. ಅದನ್ನು ಹೇಳಲೆಂದೇ ಬಂದಿದ್ದೆ. ನೀವು ಎಲ್ಲಿಯೂ ಜಾಗ ಬಿಡಲಿಲ್ಲ."

ರೆಡಿಂಗ್‌ಗೆ ಮರಳುವ ರೈಲಿನಲ್ಲಿ ನಮ್ಮ ಸಾಗರದ ಸಾರ್, ನನ್ನ ಹಿರಿಯ ವಕೀಲರು, ನೆನಪಾದರು. ತೋಟದ ಪಾಲಿನ ದಾವೆಗೆಂದು ಬಂದವರ ಮುಂದೆ ಎಲೆ ಅಡಕೆಯ ತಟ್ಟೆ ಸರಿಸಿ, ಯಾವ ಬಸ್ಸಿಗೆ ಬಂದಿರಿ, ಮಳೆ ಹೇಗಿದೆ, ಕೊಳೆರೋಗ ಬಂತೇ, ತಮ್ಮನ ಮಗಳ ಮದುವೆ ಆಯಿತೇ ಎಂದು ಅರ್ಧ ಗಂಟೆ ಕಳೆಯುತ್ತಿದ್ದರು. ಫೈಲು ಹಿಡಿದು ಮೂಲೆಯಲ್ಲಿ ನಿಂತ ನಾನು ಒಳಗೊಳಗೇ ಕುದಿಯುತ್ತಿದ್ದೆ. ತಮ್ಮನ ಮಗಳ ಮದುವೆಗೆ ಕರೆಯಲಿಲ್ಲ ಎಂಬಲ್ಲಿಂದಲೇ ದಾವೆಯ ಬುಡ ಹೊರಬರುತ್ತಿತ್ತು ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಮುಂದಿನ ಶನಿವಾರ ಅದೇ ಹೆಂಗಸು ಬೇರೆ ಪಾತ್ರದಲ್ಲಿ ಬಂದು ಕೂತಾಗ, ಕಾಗದ ಪಕ್ಕಕ್ಕಿಟ್ಟು, "ಬರಲು ತೊಂದರೆಯಾಗಲಿಲ್ಲ ತಾನೇ?" ಎಂದು ಶುರು ಮಾಡಿದೆ. ಆ ದಿನ ಅಂಕದ ಹಾಳೆಯಲ್ಲಿ ಎ ಬಂತು. ಪ್ರತಿ ಅಭ್ಯಾಸದ ಕೊನೆಗೂ ಹತ್ತು ನಿಮಿಷ ಕೂತು, ಎಲ್ಲಿ ಕಣ್ಣು ತಪ್ಪಿಸಿದೆ, ಎಲ್ಲಿ ಮಾತು ಕಡಿದೆ ಎಂದು ಬಿಡಿಸಿ ಹೇಳುತ್ತಿದ್ದರು. ನೂರು ವಿಡಿಯೋ ನೋಡಿದರೂ ಇದು ಬರುವುದಿಲ್ಲ.

ಬರವಣಿಗೆಯ ತಿದ್ದುಪಡಿ ಸಾಧಾರಣ. ಕಾನೂನು ಸಂಶೋಧನೆಯ ಎರಡು ಉತ್ತರಗಳು ತಿದ್ದದೆಯೇ ಮರಳಿದವು. ಜುಲೈನಲ್ಲಿ ಪರೀಕ್ಷೆ ಬರೆದೆ. ಅಲ್ಲಿ ಏನು ಬಂದಿತ್ತು ಎಂದು ಕೇಳಬೇಡಿ, ಹೊರಗೆ ಹೇಳುವಂತಿಲ್ಲ. ಫಲಿತಾಂಶ ಬರಲು ತಿಂಗಳುಗಟ್ಟಲೆ ಹಿಡಿಯಿತು, ಪಾಸು.

ಪರೀಕ್ಷೆಯ ಶುಲ್ಕ ಕೋರ್ಸಿನ ಶುಲ್ಕದಲ್ಲಿ ಸೇರಿಲ್ಲ ಎಂಬುದನ್ನು ಮರೆಯಬೇಡಿ. ನಾನು ಕಟ್ಟಿದಾಗ ಮೊದಲ ಹಂತಕ್ಕೆ 1,888, ಎರಡನೆಯದಕ್ಕೆ 2,902 ಪೌಂಡ್. ಈಗ ಅದೂ ಏರಿದೆ. ಅಷ್ಟು ದುಡ್ಡು ಕಟ್ಟಿ ಒಂದೊಂದು ಹಂತಕ್ಕೆ ಸಿಗುವುದು ಮೂರೇ ಅವಕಾಶ. ಹಾಗಾಗಿ ನನ್ನ ಮಾತು ಇಷ್ಟು: ಊರಿನಲ್ಲಿ ಎರಡು–ಮೂರು ವರ್ಷ ವಕೀಲಿಕೆ ಮಾಡಿದ್ದರೆ ಮೊದಲ ಹಂತದ ಪೂರ್ತಿ ಕೋರ್ಸು ಕೊಳ್ಳಬೇಡಿ. ಪಠ್ಯಪುಸ್ತಕ ಮತ್ತು ಪ್ರಶ್ನೆ ಸಂಚಯ ಸಾಕು. ಎರಡನೆಯದಕ್ಕೆ ಮುಖಾಮುಖಿ ತರಗತಿ ಇರುವ ಕೋರ್ಸನ್ನೇ ಹುಡುಕಿ, ಕಕ್ಷಿದಾರರ ಪಾತ್ರಕ್ಕೆ ಯಾರು ಬರುತ್ತಾರೆ, ಎಷ್ಟು ಸಲ ಬರುತ್ತಾರೆ ಎಂದು ಕೇಳಿ ತಿಳಿದುಕೊಂಡು ದುಡ್ಡು ಕಟ್ಟಿ. ಪದವಿ ಮುಗಿಸಿ ನೇರವಾಗಿ ಬಂದವರ ಪರಿಸ್ಥಿತಿ ಬೇರೆ. ಅವರಿಗೆ ವಾರವಾರ ಬೆನ್ನು ಹತ್ತುವವರು ಬೇಕಾಗಬಹುದು.

ನನ್ನ ಹತ್ತಿರ ಹದಿನಾಲ್ಕು ಪಠ್ಯಪುಸ್ತಕಗಳಿವೆ, 2024ರ ಆವೃತ್ತಿ. ರೆಡಿಂಗ್ ಸುತ್ತಮುತ್ತ ಇರುವವರು ಬಂದು ಒಯ್ಯಬಹುದು, ದುಡ್ಡು ಬೇಡ. ತೆರಿಗೆಯ ಅಧ್ಯಾಯಗಳನ್ನು ಮಾತ್ರ ಹೊಸದಾಗಿ ನೋಡಿಕೊಳ್ಳಿ. ನೋಟ್‌ಬುಕ್ಕಿನ ಜೆರಾಕ್ಸ್ ಕೊಡುತ್ತೇನೆ, ಮೂಲ ಕೊಡುವುದಿಲ್ಲ.