ಕೆಂಗೇರಿಯೋ ಯಲಹಂಕವೋ: ಇದ್ದು, ಓಡಾಡಿ ನೋಡಿದ ಮೇಲೆ

ನನ್ನ ಆಫೀಸು ವಿಧಾನಸೌಧದಿಂದ ಕೂಗಳತೆ ದೂರದಲ್ಲಿ. ನಮ್ಮನೆಯವರ ಕೆಲಸ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ. ಬಸವೇಶ್ವರನಗರದ ಬಾಡಿಗೆ ಮನೆ ಇಬ್ಬರಿಗೂ ಹೇಳಿ ಮಾಡಿಸಿದ ಹಾಗಿತ್ತು. ಮಾಲೀಕರು ಹಳೇ ಮನೆ ಕೆಡವಿ ಹೊಸದು ಎಬ್ಬಿಸ್ತೀವಿ ಅಂದ ಮೇಲೆ ಅಕ್ಕಪಕ್ಕದ ಬೀದಿಗಳಲ್ಲಿ ಹುಡುಕಿದೆವು. ಅಲ್ಲಿ ಕೇಳುವ ಬಾಡಿಗೆಗೆ ಊರ ಅಂಚಿನಲ್ಲಿ ಇನ್ನೊಂದು ರೂಮು ಹೆಚ್ಚೇ ಸಿಗುತ್ತದೆ. ಹಾಗೆ ಪಟ್ಟಿಗೆ ಬಂದವು ನಾಲ್ಕು ಹೆಸರು: ಕೆಂಗೇರಿ ಉಪನಗರ, ಯಲಹಂಕ ನ್ಯೂ ಟೌನ್, ತುಮಕೂರು ರಸ್ತೆಯ ಮಾದಾವರ, ಮತ್ತೆ ಇವರ ಹಟಕ್ಕೆ ಬಿಡದಿ. ವೈಟ್‌ಫೀಲ್ಡನ್ನು ಪೀಣ್ಯದ ಕಾರಣಕ್ಕೆ ಮೊದಲೇ ಕೈಬಿಟ್ಟೆವು.

ನಾಲ್ಕೂ ಕಡೆ ನೆಂಟರೋ ಸ್ನೇಹಿತರೋ ಇದ್ದದ್ದು ನಮ್ಮ ಪುಣ್ಯ. ಒಂದೊಂದು ಕಡೆ ಕೆಲವು ದಿನ ಉಳಿದು, ಅಲ್ಲಿಂದಲೇ ಕೆಲಸಕ್ಕೆ ಹೋಗಿ ಬಂದೆವು. ಬ್ರೋಕರುಗಳು ಮನೆ ತೋರಿಸುವುದು ಭಾನುವಾರ. ಭಾನುವಾರ ಬೆಂಗಳೂರಿನ ಯಾವ ಮೂಲೆಯಿಂದ ಯಾವ ಮೂಲೆಗೆ ಹೋದರೂ ಎಲ್ಲವೂ ಹತ್ತಿರವೇ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಹೊರಟು, ಅದೇ ದಿನ ಸಂಜೆ ಆರೂವರೆಗೆ ವಾಪಸ್ ಹೊರಟು ನೋಡಬೇಕು. ಮಳೆ ಬಂದರಂತೂ ಇನ್ನೂ ಒಳ್ಳೆಯದು.

ಎಲ್ಲರೂ ಮೊದಲು ಮನಸೋತದ್ದು ಯಲಹಂಕಕ್ಕೆ. ಗೃಹ ಮಂಡಳಿ ಮಾಡಿದ ಬಡಾವಣೆ ಅದು. ರಸ್ತೆ ಅಗಲ, ಬದಿಯಲ್ಲಿ ದೊಡ್ಡ ಮರಗಳು, ಕೂಗಿದರೆ ಕೇಳುವಷ್ಟು ಹತ್ತಿರಕ್ಕೊಂದು ಪಾರ್ಕು. ಅತ್ತೆ ಬೆಳಿಗ್ಗೆ ವಾಕಿಂಗ್ ಮುಗಿಸಿ, ತರಕಾರಿ ಚೀಲ ಹಿಡಿದು, ಯಾವ ಸ್ಕೂಟರಿಗೂ ಹೆದರದೆ ಮನೆಗೆ ಬಂದರು. "ಇಲ್ಲೇ ಇದ್ದುಬಿಡೋಣ ಕಣಮ್ಮ" ಅಂತ ಎರಡನೇ ದಿನಕ್ಕೇ ತೀರ್ಪು ಕೊಟ್ಟರು. ಇವರಿಗೂ ಪೀಣ್ಯ ಅನುಕೂಲ. ಎಂ.ಎಸ್. ಪಾಳ್ಯ, ಜಾಲಹಳ್ಳಿ ಕಡೆಯಿಂದ ಸ್ಕೂಟರಿನಲ್ಲಿ ಒಳದಾರಿ ಹಿಡಿದರೆ ಮುಖ್ಯರಸ್ತೆಯ ತಂಟೆಯೇ ಬೇಡ.

ತೊಂದರೆ ಇದ್ದದ್ದು ನನಗೆ, ಅದರ ಹೆಸರು ಹೆಬ್ಬಾಳ. ಬಳ್ಳಾರಿ ರಸ್ತೆಯ ಮೇಲ್ಸೇತುವೆ ಹತ್ತಿದರೆ ಬಸ್ಸು ಸರಾಗವಾಗಿ ಓಡುತ್ತದೆ. ಎಸ್ಟೀಮ್ ಮಾಲ್ ಕಾಣಿಸಿತು ಅಂದರೆ ಮುಗಿಯಿತು. ವಿಮಾನ ನಿಲ್ದಾಣದ ಟ್ಯಾಕ್ಸಿಗಳು, ದೇವನಹಳ್ಳಿ ಚಿಕ್ಕಬಳ್ಳಾಪುರದ ಬಸ್ಸುಗಳು, ರಿಂಗ್ ರೋಡಿನಿಂದ ಬಂದು ಸೇರುವ ಗಾಡಿಗಳು, ಎಲ್ಲವೂ ಒಂದೇ ಸೇತುವೆಯ ಬಾಯಿಗೆ. 2025ರ ಆಗಸ್ಟ್‌ನಲ್ಲಿ ಅಲ್ಲಿ ಸೇತುವೆಗೆ ಸೇರುವ ಹೊಸ ಲೂಪ್ ರಸ್ತೆ ತೆರೆದಾಗ ಯಲಹಂಕದವರೂ ಖುಷಿಪಟ್ಟರು. ಆದರೆ ಅದು ಮುಖ್ಯವಾಗಿ ನಾಗವಾರದ ಕಡೆಯಿಂದ ಮೇಖ್ರಿ ಸರ್ಕಲ್‌ಗೆ ಬರುವವರಿಗೆ. ನಾನು ಹೋದ ಒಂದು ದಿನ ಮನೆಯಿಂದ ಆಫೀಸಿಗೆ ಐವತ್ತು ನಿಮಿಷ, ಮರುದಿನ ಅದೇ ಹೊತ್ತಿಗೆ ಹೊರಟರೂ ಒಂದೂಮುಕ್ಕಾಲು ಗಂಟೆ. ಮಳೆಯಿಲ್ಲ, ಅಪಘಾತವಿಲ್ಲ. ಯಾರೋ ದೊಡ್ಡವರು ಏರ್‌ಪೋರ್ಟಿನಿಂದ ಬರುತ್ತಿದ್ದರಂತೆ, ಅಷ್ಟೇ. ಬಸ್ಸಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲದಿಂದ ಅವರೆಕಾಯಿ ತೆಗೆದು ಬಿಡಿಸಲು ಶುರು ಮಾಡಿದರು. ಮೇಖ್ರಿ ಸರ್ಕಲ್ ಬರುವ ಹೊತ್ತಿಗೆ ಅರ್ಧ ಡಬ್ಬಿ ತುಂಬಿತ್ತು. ದಿನಾ ಓಡಾಡುವವರು ಸಿದ್ಧರಾಗಿಯೇ ಹತ್ತುತ್ತಾರೆ.

ಐವತ್ತು ನಿಮಿಷ ಎಲ್ಲಿದ್ದರೂ ಆಗುತ್ತದೆ, ಅದಕ್ಕೆ ತಕರಾರಿಲ್ಲ. ಆದರೆ ಐವತ್ತೋ ನೂರೋ ಅಂತ ಗೊತ್ತಾಗದಿದ್ದರೆ ದಿನಾ ನೂರು ಅಂತಲೇ ಲೆಕ್ಕ ಹಾಕಿ ಮನೆ ಬಿಡಬೇಕು. ಬಯೋಮೆಟ್ರಿಕ್ ಹಾಜರಾತಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಂಗೇರಿಯಲ್ಲಿ ಇದು ಪೂರ್ತಿ ಉಲ್ಟಾ. ಊರು ನೋಡಿದರೆ ಅಂಥ ಆಸೆ ಹುಟ್ಟುವುದಿಲ್ಲ. ಉಪನಗರದ ಒಳಗಿನ ಅಡ್ಡರಸ್ತೆಗಳು ಪರವಾಗಿಲ್ಲ, ಮೈಸೂರು ರಸ್ತೆಗೆ ಬಂದರೆ ಧೂಳು, ಲಾರಿ, ಮತ್ತೆ ವೃಷಭಾವತಿ. ನದಿ ಅಂತ ಹೆಸರಿಗೆ, ಹರಿಯುವುದು ಊರಿನ ಕೊಳಚೆ. ಮಳೆ ಬಿದ್ದ ಮಾರನೇ ದಿನ ಆ ದಾರಿಯಲ್ಲಿ ಆಟೋದಲ್ಲಿ ಹೋದರೆ ಸೆರಗು ಮೂಗಿಗೆ ತಾನಾಗೇ ಬರುತ್ತದೆ. ಆದರೆ ನೇರಳೆ ಮಾರ್ಗದ ಮೆಟ್ರೋ 2021ರ ಆಗಸ್ಟ್‌ನಿಂದ ಕೆಂಗೇರಿವರೆಗೆ ಇದೆ. 2023ರ ಅಕ್ಟೋಬರ್‌ನಲ್ಲಿ ಒಂದು ತುದಿ ಚಲ್ಲಘಟ್ಟಕ್ಕೂ ಇನ್ನೊಂದು ವೈಟ್‌ಫೀಲ್ಡಿಗೂ ಮುಟ್ಟಿತು. ಕೆಂಗೇರಿ ಬಸ್ ಟರ್ಮಿನಲ್ ಸ್ಟೇಷನ್ನಿನಲ್ಲಿ ಹತ್ತಿದರೆ ಎಲ್ಲೂ ಬದಲಾಯಿಸದೆ ನೇರ ವಿಧಾನಸೌಧ. ನಲವತ್ತು ನಿಮಿಷದ ಒಳಗೇ. ಉಳಿದ ದಿನಗಳಲ್ಲೂ ಅದೇ ನಲವತ್ತು ನಿಮಿಷ.

ಇನ್ನೊಂದು ಸುಖ, ಸೀಟು. ತುದಿಯ ಹತ್ತಿರದ ಸ್ಟೇಷನ್ ಆದ್ದರಿಂದ ಬೆಳಿಗ್ಗೆ ಕೂತೇ ಹೋಗಬಹುದು. ಜ್ಞಾನಭಾರತಿ, ರಾಜರಾಜೇಶ್ವರಿನಗರ ದಾಟುವ ಹೊತ್ತಿಗೆ ನಿಲ್ಲುವವರು ಶುರು, ವಿಜಯನಗರದಲ್ಲಿ ಬಾಗಿಲು ಮುಚ್ಚುವುದೇ ಕಷ್ಟ. ಬಸವೇಶ್ವರನಗರದಲ್ಲಿದ್ದಾಗ ನಾನು ಹತ್ತುತ್ತಿದ್ದದ್ದು ಹೊಸಹಳ್ಳಿಯಲ್ಲಿ, ಜನರ ಬೆನ್ನಿಗೆ ಮುಖ ಒತ್ತಿ. ಆಫೀಸಿಗೆ ಆಗ ಹತ್ತಿರವಿದ್ದೆ, ಆದರೆ ಇಳಿಯುವಾಗ ಸುಸ್ತಾಗಿರುತ್ತಿದ್ದೆ. ಈಗ ದೂರ ಹೆಚ್ಚು, ದಣಿವು ಕಡಿಮೆ. ಸಂಜೆ ಮಾತ್ರ ಈ ಭಾಗ್ಯವಿಲ್ಲ. ವಿಧಾನಸೌಧದಲ್ಲಿ ಹತ್ತಿದರೆ ನಿಂತೇ ಹೋಗಬೇಕು, ಮೆಜೆಸ್ಟಿಕ್‌ನಲ್ಲಿ ಇಳಿದಷ್ಟೇ ಜನ ಹತ್ತುತ್ತಾರೆ. ಬೋರ್ಡು ನೋಡದೆ ಹತ್ತಿದರೆ ಮೈಸೂರು ರಸ್ತೆಗೇ ನಿಲ್ಲುವ ರೈಲು ಸಿಕ್ಕೀತು. ಅಲ್ಲಿ ಇಳಿದು ಮುಂದಿನದಕ್ಕೆ ಕಾಯಬೇಕು.

ದುಡ್ಡಿನ ವಿಷಯಕ್ಕೆ ಬಂದರೆ ನನ್ನ ಮಟ್ಟಿಗೆ ಯಲಹಂಕವೇ ಗೆದ್ದಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಬಿಎಂಟಿಸಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ತೋರಿಸಿದರೆ ಸಾಕು. ಮೆಟ್ರೋಗೆ ಆ ಭಾಗ್ಯವಿಲ್ಲ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಸ್ಮಾರ್ಟ್ ಕಾರ್ಡಿನ ಶೇ 5ರ ರಿಯಾಯಿತಿ ಕಳೆದರೂ ಕೆಂಗೇರಿಯಿಂದ ನನ್ನ ತಿಂಗಳ ಖರ್ಚು ಮೂರು ಸಾವಿರದ ಆಸುಪಾಸು. ಒಂದೇ ಕೆಲಸಕ್ಕೆ ಇಬ್ಬರು ಹೆಂಗಸರು ಹೊರಟರೆ, ಯಲಹಂಕದವಳು ಸೊನ್ನೆ ಕೊಡುತ್ತಾಳೆ, ಕೆಂಗೇರಿಯವಳು ಮೂರು ಸಾವಿರ. ಆ ಮೂರು ಸಾವಿರಕ್ಕೆ ಸಿಗುವುದು ಸಂಜೆಯ ಒಂದು ಗಂಟೆ. ಮನೆಯಲ್ಲಿ ಅನ್ನಕ್ಕಿಡುವವರು ನಾವೇ ಆದರೆ ಆ ಗಂಟೆಗೆ ಬೆಲೆ ಇದೆ, ಕೊಡಬಹುದು ಅನ್ನಿಸಿತು. ಕೈಗೆ ಬರುವ ಸಂಬಳ ಕಡಿಮೆ ಇದ್ದಿದ್ದರೆ ಬಸ್ಸನ್ನೇ ಹಿಡಿಯುತ್ತಿದ್ದೆ, ಅದರಲ್ಲಿ ಎರಡು ಮಾತಿಲ್ಲ.

ಯಲಹಂಕದ ಬ್ರೋಕರು ಒಂದು ಮಾತು ಪದೇ ಪದೇ ಹೇಳಿದ. "ಮೆಟ್ರೋ ಬರ್ತಾ ಇದೆ ಮೇಡಂ, ಇನ್ನೇನು ಬಂದೇಬಿಡ್ತು." ಬರುತ್ತಿರುವುದು ನಿಜ. ಏರ್‌ಪೋರ್ಟಿಗೆ ಹೋಗುವ ನೀಲಿ ಮಾರ್ಗಕ್ಕೆ ಬಳ್ಳಾರಿ ರಸ್ತೆಯಲ್ಲಿ ಯಲಹಂಕ ಸ್ಟೇಷನ್ ಇದೆ. ಆದರೆ ನ್ಯೂ ಟೌನ್‌ನಿಂದ ಅಲ್ಲಿಗೆ ನಡೆದು ಹೋಗುವ ದೂರವಲ್ಲ. ಅದಕ್ಕಿಂತ ಮುಖ್ಯವಾಗಿ, ಆ ರೈಲು ಹೆಬ್ಬಾಳದಿಂದ ನಾಗವಾರ, ಕೆ.ಆರ್. ಪುರದ ಕಡೆ ತಿರುಗುತ್ತದೆ, ವಿಧಾನಸೌಧಕ್ಕೆ ಬರುವುದಿಲ್ಲ. ನಾಗವಾರದಲ್ಲಿ ಗುಲಾಬಿ ಮಾರ್ಗಕ್ಕೆ ಬದಲಾಯಿಸಿ ಎಂ.ಜಿ. ರಸ್ತೆಗೆ ಬರಬೇಕು. ಉಪನಗರ ರೈಲಿನದೂ ಇಂಥದ್ದೇ ಕತೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚೆಂದದ ಹೆಸರಿನ ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್. ಶಂಕುಸ್ಥಾಪನೆ ಆದದ್ದು 2022ರ ಜೂನ್‌ನಲ್ಲಿ. ಅದು ಓಡಿದ ದಿನ ಯಲಹಂಕದವರಷ್ಟು ಅದೃಷ್ಟವಂತರು ಯಾರೂ ಇರುವುದಿಲ್ಲ. ನಾನು ಬಾಡಿಗೆ ಕಟ್ಟಬೇಕಾದದ್ದು ಮಾತ್ರ ಈ ತಿಂಗಳಿಂದ.

ಮಾದಾವರ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ, ಸೇರಿಸಿದ್ದು ಇವರು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಅಲ್ಲಿಗೆ ಮುಂದುವರಿಯಿತು. ಪೀಣ್ಯಕ್ಕೆ ಕೆಲವೇ ಸ್ಟೇಷನ್, ಬೆಳಿಗ್ಗೆ ಕಾಫಿ ಬಿಸಿ ಇರುವಾಗಲೇ ತಲುಪಬಹುದು ಅಂತ ಇವರು ನಕ್ಕರು. ನನಗೂ ಮೆಟ್ರೋ, ಹತ್ತುವಾಗ ಸೀಟೂ ಉಂಟು. ಆದರೆ ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಹೋಗಬೇಕು. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಎಸ್ಕಲೇಟರ್ ಮುಂದೆ ಜಾತ್ರೆ. ಒಂದು ರೈಲು ಬಿಟ್ಟು ಇನ್ನೊಂದಕ್ಕೆ ಹತ್ತುವುದು ಮಾಮೂಲಿ. ಎರಡೇ ಸ್ಟೇಷನ್ನಿಗೋಸ್ಕರ ಆ ನೂಕುನುಗ್ಗಲು. ಅದನ್ನಾದರೂ ಸಹಿಸಬಹುದಿತ್ತು. ನಾವಿದ್ದ ಬೀದಿಗೆ ನೀರು ಬೋರಿನದು, ಸಾಲದೆ ಬಂದರೆ ಟ್ಯಾಂಕರು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಪಟ್ಟ ಪಾಡು ನೋಡಿದ ಮೇಲೆ, ಕಾವೇರಿ ನಲ್ಲಿ ಇಲ್ಲದ ಮನೆಗೆ ಅತ್ತೆ ಕಾಲಿಡುವುದಿಲ್ಲ ಅಂದರು. ಇನ್ನು ಶುಕ್ರವಾರ ಸಂಜೆ, ಹಬ್ಬದ ಹಿಂದಿನ ದಿನ ತುಮಕೂರು ರಸ್ತೆ ಹೇಗಿರುತ್ತದೆ ಅಂತ ಊರಿಗೆ ಹೋಗುವ ಯಾರನ್ನಾದರೂ ಕೇಳಿ. ರೈಲಿಳಿದು ಮನೆಗೆ ಹೋಗಲು ಆಟೋ ಆ ಸಾಲಿನಲ್ಲೇ ನಿಲ್ಲಬೇಕು.

ಬಿಡದಿ ಬಗ್ಗೆ ಚುಟುಕಾಗಿ. ಬಾಡಿಗೆ ಎಲ್ಲಕ್ಕಿಂತ ಕಡಿಮೆ, ಗಾಳಿ ಚೆನ್ನಾಗಿದೆ, ತಟ್ಟೆ ಇಡ್ಲಿಯ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಮೈಸೂರು ರೈಲು ಮಾರ್ಗದಲ್ಲಿ ಸ್ಟೇಷನ್ ಇದೆ, ತಿಂಗಳ ಪಾಸು ಮೆಟ್ರೋ ಮುಂದೆ ಏನೇನೂ ಅಲ್ಲ. ಬೆಳಗಿನ ರೈಲು ಸಿಕ್ಕರೆ ಕೆಂಗೇರಿಯ ಮೆಟ್ರೋಗಿಂತ ಬಹಳ ತಡವೇನಾಗುವುದಿಲ್ಲ. ತಪ್ಪಿದರೆ ಮಾತ್ರ ಮುಂದಿನದಕ್ಕೆ ಕಾಯುವ ಬದಲು ಬಸ್ಸು ಹತ್ತಿ ಚಲ್ಲಘಟ್ಟಕ್ಕೆ ಬಂದು ಮೆಟ್ರೋ ಹಿಡಿಯುವುದೇ ವಾಸಿ, ಅಲ್ಲಿಗೆ ಎರಡು ಗಂಟೆ ಹೋಯಿತು. ಇವರ ಹಟ ಇಳಿದದ್ದು ಸ್ಕೂಟರಿನಿಂದ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಟ್ರ್ಯಾಕ್ಟರು, ಟೆಂಪೋ, ಎದುರಿನಿಂದ ಬರುವ ಬೈಕು ಎಲ್ಲ ತಪ್ಪಿಸಿಕೊಂಡು ಪೀಣ್ಯ ಮುಟ್ಟಿದವರು ಆ ರಾತ್ರಿ ಬಿಡದಿಯ ಮಾತೆತ್ತಲಿಲ್ಲ. ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಆದ ಮೇಲೆ "ಇದೂ ಬೆಂಗಳೂರೇ ಸಾರ್" ಅನ್ನುವುದು ಅಲ್ಲಿನ ಬ್ರೋಕರುಗಳ ಬಾಯಿಪಾಠ. ಬಾಡಿಗೆಗೆ ಹೋಗುವವರಿಗೆ ಅದರಿಂದ ನಷ್ಟವಿಲ್ಲ. ಸೈಟು ಕೊಳ್ಳುವವರು ಬೈರಮಂಗಲದ ಸುತ್ತ ಟೌನ್‌ಶಿಪ್ ಭೂಸ್ವಾಧೀನದ ವಿರುದ್ಧ ರೈತರು ಧರಣಿ ಕೂತದ್ದನ್ನು ಓದಿಕೊಂಡು, ಸರ್ವೆ ನಂಬರು ತಾಳೆ ನೋಡಿ ಮುಂದುವರಿಯಬೇಕು.

ಕೊನೆಗೆ ಉಳಿದದ್ದು ಎರಡು. ಇವರಿಗೂ ಅತ್ತೆಗೂ ಯಲಹಂಕ, ನನಗೆ ಕೆಂಗೇರಿ. ಓಟು ಹಾಕಿದ್ದರೆ ನಾನು ಸೋಲುತ್ತಿದ್ದೆ. ಆದರೆ ಕೆಂಗೇರಿಯಿಂದ ಪೀಣ್ಯಕ್ಕೆ ಇವರು ಓಡಾಡಿ ನೋಡಿದಾಗ ಲೆಕ್ಕ ಸ್ವಲ್ಪ ಬದಲಾಯಿತು. ಮೆಟ್ರೋದಲ್ಲಿ ಮೆಜೆಸ್ಟಿಕ್ ಸುತ್ತಿ ಹೋಗುವುದು ಮೂರ್ಖತನ. ಪೂರ್ವಕ್ಕೆ ಹೋಗಿ ಮತ್ತೆ ವಾಯವ್ಯಕ್ಕೆ ಬಂದ ಹಾಗೆ. ನಾಯಂಡಹಳ್ಳಿಯಿಂದ ರಿಂಗ್ ರೋಡು ಹಿಡಿದು ನಾಗರಬಾವಿ, ಸುಮನಹಳ್ಳಿ, ಲಗ್ಗೆರೆ ಮೇಲೆ ಹೋದರೆ ಗೊರಗುಂಟೆಪಾಳ್ಯದವರೆಗೆ ಸ್ಕೂಟರು ಹೇಗೋ ನುಗ್ಗುತ್ತದೆ. ಇವರ ಶಿಫ್ಟು ಬೆಳಿಗ್ಗೆ ಏಳಕ್ಕೆ. ಆರು ಗಂಟೆಗೆ ಆ ರಸ್ತೆ ಖಾಲಿ. ಮೂರೂವರೆಗೆ ಬಿಟ್ಟು ಹೊರಟರೆ ವಾಪಸ್ ದಾರಿಯೂ ಸುಮಾರು ಸಲೀಸು. ಜನರಲ್ ಶಿಫ್ಟಾಗಿದ್ದರೆ ಈ ದಾರಿಯನ್ನು ನಾನೇ ಬೇಡ ಅನ್ನುತ್ತಿದ್ದೆ. ಯಲಹಂಕದಿಂದ ಇವರಿಗೆ ಉಳಿಯುತ್ತಿದ್ದದ್ದು ಹದಿನೈದೋ ಇಪ್ಪತ್ತೋ ನಿಮಿಷ. ನನಗೆ ಕೆಂಗೇರಿಯಿಂದ ಉಳಿಯುವುದು ಕೆಟ್ಟ ದಿನಗಳಲ್ಲಿ ಒಂದು ಗಂಟೆಗಿಂತ ಹೆಚ್ಚು. ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಇವರು ಒಪ್ಪಿದರು.

ಅತ್ತೆಯನ್ನು ಒಪ್ಪಿಸಿದ್ದು ಕಾಗದವಲ್ಲ, ಮನೆ. ಉಪನಗರದ ಒಳಗೆ, ಮೈಸೂರು ರಸ್ತೆಯಿಂದ ಸಾಕಷ್ಟು ಒಳಕ್ಕೆ, ಪಾರ್ಕಿನ ಎದುರು ನೆಲಮಹಡಿ ಸಿಕ್ಕಿತು. ಕಾವೇರಿ ನಲ್ಲಿ ಇದೆ, ಸಂಪು ದೊಡ್ಡದಿದೆ, ನೀರು ಯಾವ ದಿನ ಬಿಡುತ್ತಾರೆ ಅಂತ ಅತ್ತೆಯೇ ಪಕ್ಕದ ಮನೆಯವರ ಹತ್ತಿರ ವಿಚಾರಿಸಿದರು. ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ದರು, ಆರಕ್ಕೆ ಇಳಿಸಿದರು. ಸ್ಟೇಷನ್ನಿಗೆ ನಡೆದರೆ ಹದಿನೈದು ನಿಮಿಷ. ಬ್ರೋಕರು ಐದು ಅಂದಿದ್ದ.

ನಿಮ್ಮ ಆಫೀಸು ಮಾನ್ಯತಾ ಟೆಕ್ ಪಾರ್ಕಿನಲ್ಲೋ ಹೆಬ್ಬಾಳದ ಆಚೆಗೋ ಇದ್ದರೆ ನಾನು ಬರೆದದ್ದರಲ್ಲಿ ಅರ್ಧ ಪಕ್ಕಕ್ಕಿಟ್ಟು ಯಲಹಂಕಕ್ಕೇ ಹೋಗಿ. ಇಬ್ಬರೂ ಪೀಣ್ಯ, ಯಶವಂತಪುರದ ಕಡೆ ದುಡಿಯುವವರಾದರೆ ನೀರು ವಿಚಾರಿಸಿಕೊಂಡು ಮಾದಾವರ ನೋಡಿ. ಯಾವ ಕಡೆಯಾದರೂ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುವ ಮುಂಚೆ ಒಂದು ಸೋಮವಾರ ಅಲ್ಲಿಂದ ಕೆಲಸಕ್ಕೆ ಹೋಗಿ ಬನ್ನಿ. ಉಳಿಯಲು ಯಾರೂ ಇಲ್ಲದಿದ್ದರೆ ಬೆಳಿಗ್ಗೆ ಅಲ್ಲಿಗೆ ಹೋಗಿ ಅಲ್ಲಿಂದ ಬಸ್ಸು ಹತ್ತಿದರೂ ಆಗುತ್ತದೆ.